ಬಂಡೆಗೆ ನೇತು ಹಾಕಿದ ದಾರಿ: ಹಲಗೆ ಗಟ್ಟಿ ಇದೆ, ಮೇಲಿರೋ ಬಂಡೆ?

ಇಟಲಿಯ ಚಿಂಕ್ವೆ ತೆರ್ರೆ ಅನ್ನೋ ಕಡಲ ತೀರದಲ್ಲಿ ರಿಯೋಮಜ್ಜೋರೆ ಮತ್ತೆ ಮನರೋಲಾ ಅಂತ ಎರಡು ಪುಟ್ಟ ಊರು ಇದಾವೆ, ಆ ಎರಡನ್ನೂ ಸೇರಿಸೋದು ಸಮುದ್ರದ ಮೇಲೆ ಬಂಡೆ ಪಕ್ಕೆಯಲ್ಲೇ ಹೋಗೋ ಒಂದು ಕಾಲುದಾರಿ, ಹೆಸರು ವಿಯಾ ದೆಲ್ಲಮೋರೆ, ಅಂದ್ರೆ ಪ್ರೀತಿಯ ದಾರಿ. ಉದ್ದ ಒಂದು ಕಿಲೋಮೀಟರೂ ಇಲ್ಲ. 2012ರ ಸೆಪ್ಟೆಂಬರ್ 24ಕ್ಕೆ ಮೇಲಿಂದ ಕಲ್ಲು ಜಾರಿ ಬಿದ್ದು ಆಸ್ಟ್ರೇಲಿಯಾದಿಂದ ಬಂದಿದ್ದ ನಾಲ್ಕು ಜನ ಪ್ರವಾಸಿಗರಿಗೆ ಗಾಯ ಆಯ್ತು, ದಾರಿ ಮುಚ್ಚಿದ್ರು. ಅದು ಮತ್ತೆ ಪೂರ್ತಿ ತೆರೆದಿದ್ದು ಯಾವಾಗ ಗೊತ್ತಾ, 2024ರಲ್ಲಿ. ಹನ್ನೆರಡು ವರ್ಷ ಹಿಡೀತು, ಖರ್ಚಾಗಿದ್ದು ಎರಡು ಕೋಟಿ ಯೂರೋಗಿಂತ ಜಾಸ್ತಿ, ಒಂದು ಕಿಲೋಮೀಟರ್ ಕಾಲುದಾರಿಗೆ!

ನಾನು ಈ ಲೇಖನ ಬರೀತಿರೋದೇ ಆ ಹನ್ನೆರಡು ವರ್ಷ ತಲೇಲಿ ಕೂತಿರೋದ್ರಿಂದ. ಈಗ ನಮ್ಮ ದೇಶದಲ್ಲೂ ಎಲ್ಲಿ ಬೆಟ್ಟ ಇದ್ರೆ ಅಲ್ಲಿ ಸ್ಕೈವಾಕ್, ಗ್ಲಾಸ್ ಬ್ರಿಡ್ಜ್, ಕ್ಲಿಫ್ ವಾಕ್ ಅಂತ ಮಾತು ಕೇಳ್ತಾ ಇದೆ, ಡ್ರೋನ್ ವಿಡಿಯೋ ನೋಡಿದ್ರೆ ಯಾರಿಗಾದ್ರೂ ಹೋಗ್ಬೇಕು ಅನ್ಸುತ್ತೆ, ನನಗೂ ಅನ್ಸುತ್ತೆ. ಆದ್ರೆ ಕಾಲಿಡೋ ಹಲಗೆ ಕಟ್ಟೋದು ಈ ಕೆಲಸದಲ್ಲಿ ಸುಲಭದ ಪಾಲು, ಹಲಗೆ ಮೇಲ್ಗಡೆ ಇರೋ ನೂರು ಇನ್ನೂರು ಅಡಿ ಬಂಡೆಯನ್ನ ವರ್ಷಾನುಗಟ್ಟಲೆ ಕಾಯೋದೇ ಅಸಲಿ ಕೆಲಸ, ದುಡ್ಡು ಹೋಗೋದೂ ಅಲ್ಲೇ, ಮತ್ತೆ ಉದ್ಘಾಟನೆ ದಿನ ಆ ಪಾಲಿನ ಬಗ್ಗೆ ಯಾರೂ ಮಾತಾಡಲ್ಲ.

ಮೊದಲು ಹಲಗೆ ಹೇಗೆ ನಿಲ್ಲುತ್ತೆ ಅಂತ ನೋಡೋಣ, ಅದು ಗೊತ್ತಿದ್ರೆ ಉಳಿದಿದ್ದು ಸುಲಭ. ಮನೇಲಿ ಅಡುಗೆಮನೆ ಗೋಡೆಗೆ ಶೆಲ್ಫ್ ಹೊಡೆದಿರ್ತೀವಲ್ಲ, ಕೆಳಗೆ ತ್ರಿಕೋನದ ಬ್ರ್ಯಾಕೆಟ್, ಮೇಲೊಂದು ಸ್ಕ್ರೂ ಕೆಳಗೊಂದು ಸ್ಕ್ರೂ. ಡಬ್ಬಿ ಜಾಸ್ತಿ ಇಟ್ರೆ ಯಾವ ಸ್ಕ್ರೂ ಮೊದಲು ಕಿತ್ಕೊಂಡು ಬರುತ್ತೆ? ಮೇಲಿಂದು. ಕೆಳಗಿನ ಕಾಲು ಗೋಡೆಗೆ ಒತ್ಕೊಳ್ಳುತ್ತೆ, ಮೇಲಿನ ತುದಿ ಗೋಡೆಯಿಂದ ದೂರ ಎಳೆಯುತ್ತೆ. ಬಂಡೆ ದಾರಿಯಲ್ಲೂ ಅದೇ ಲೆಕ್ಕ, ಗೋಡೆ ಜಾಗದಲ್ಲಿ ಬಂಡೆ, ಸ್ಕ್ರೂ ಜಾಗದಲ್ಲಿ ಆ್ಯಂಕರ್, ಅಂದ್ರೆ ಬಂಡೆಗೆ ತೂತು ಕೊರೆದು ಒಳಗೆ ಕೂರಿಸೋ ಉಕ್ಕಿನ ಸರಳು.

ಒಂದು ಲೆಕ್ಕ ಹಾಕೋಣ. ದಾರಿ ಅಗಲ 1.2 ಮೀಟರ್, ಎರಡು ಮೀಟರ್‌ಗೊಂದು ಬ್ರ್ಯಾಕೆಟ್ ಅಂದ್ಕೊಳ್ಳಿ. ಜನ ತುಂಬಿ ನಿಂತ್ರೆ ಚದರ ಮೀಟರ್‌ಗೆ ಸುಮಾರು 500 ಕೆಜಿ ಅಂತ ಹಿಡ್ಕೊಂಡು ಡಿಸೈನ್ ಮಾಡೋದು ವಾಡಿಕೆ. ಅಂದ್ರೆ ಒಂದು ಬ್ರ್ಯಾಕೆಟ್ ಮೇಲೆ 2.4 ಚದರ ಮೀಟರ್, 1200 ಕೆಜಿ. ಈ ಭಾರ ಬಂಡೆಯಿಂದ ಸರಾಸರಿ 60 ಸೆಂಟಿಮೀಟರ್ ದೂರದಲ್ಲಿ ಕೂತಿದೆ. ಬ್ರ್ಯಾಕೆಟ್‌ನ ಎತ್ತರ 90 ಸೆಂಟಿಮೀಟರ್ ಇದ್ರೆ ಮೇಲಿನ ಆ್ಯಂಕರ್ ಮೇಲೆ ಬೀಳೋ ಎಳೆತ ಸುಮಾರು 800 ಕೆಜಿ. ಚೆನ್ನಾಗಿ ಕಾಣ್ಲಿ, ತೆಳ್ಳಗೆ ಇರ್ಲಿ ಅಂತ ಅದೇ ಎತ್ತರವನ್ನ 30 ಸೆಂಟಿಮೀಟರ್‌ಗೆ ಇಳಿಸಿದ್ರೆ ಎಳೆತ 2400 ಕೆಜಿಗೆ ಏರುತ್ತೆ, ಜನ ಅಷ್ಟೇ, ಹಲಗೆ ಅಷ್ಟೇ, ಆ್ಯಂಕರ್‌ಗೆ ಮಾತ್ರ ಮೂರು ಪಟ್ಟು ಕಷ್ಟ. ಇದರ ಮೇಲೆ ಗಾಳಿ ಇದೆ, ಹಲಗೆಯದ್ದೇ ತೂಕ ಇದೆ, ಫೋಟೋ ತೆಗೆಸ್ಕೊಳ್ಳೋಕೆ ಎಲ್ರೂ ಹೊರಗಿನ ಕಂಬಿಗೆ ಒರಗ್ತಾರಲ್ಲ ಆ ತಳ್ಳಾಟ ಇದೆ, ಅದು ಬೇರೆ ದುಬಾರಿ ಯಾಕಂದ್ರೆ ಕಂಬಿ ಹಲಗೆಗಿಂತ ಮೇಲಿದೆ, ಅಲ್ಲಿ ತಳ್ಳಿದ್ದು ಬುಡದಲ್ಲಿ ದೊಡ್ಡದಾಗಿ ತಿರುಚುತ್ತೆ. ಇಷ್ಟೆಲ್ಲ ಸೇರಿದ್ರೂ ಇವು ಇಂಜಿನಿಯರ್‌ಗಳಿಗೆ ಹೆದರಿಕೆ ಹುಟ್ಟಿಸೋ ಸಂಖ್ಯೆಗಳಲ್ಲ. ಸರಿಯಾದ ಸ್ಟೀಲು, ಸರಿಯಾದ ಆಳ, ಗಟ್ಟಿ ಬಂಡೆ ಸಿಕ್ರೆ ಮುಗೀತು. ಆ ಮೂರನೇದಿದೆಯಲ್ಲ, ಗಟ್ಟಿ ಬಂಡೆ, ಅದೊಂದೇ ಅಂಗಡೀಲಿ ಸಿಗಲ್ಲ.

ಈ ವಿಷಯದಲ್ಲಿ ಎಲ್ರೂ ಉದಾಹರಣೆ ಕೊಡೋ ಜಾಗ ಸ್ಪೇನ್‌ನ ಕಮಿನಿತೊ ದೆಲ್ ರೇ, ರಾಜನ ಕಿರುದಾರಿ. ಮಾಲಗಾ ಪ್ರಾಂತ್ಯದ ಎಲ್ ಚೊರ್ರೋ ಹತ್ರ ಗ್ವಾದಲೋರ್ಸೆ ನದಿ ಸುಣ್ಣಕಲ್ಲಿನ ಬೆಟ್ಟ ಸೀಳ್ಕೊಂಡು ಹೋಗೋ ಕಡೆ ಇದೆ. 1901ರಿಂದ 1905ರ ಒಳಗೆ ಅಲ್ಲಿನ ಜಲವಿದ್ಯುತ್ ಕಂಪನಿ ತನ್ನ ಕೆಲಸಗಾರರು ಕಾಲುವೆ ನೋಡ್ಕೊಳ್ಳೋಕೆ, ಸಾಮಾನು ಸಾಗಿಸೋಕೆ ಅಂತ ಕಟ್ಟಿದ್ದು. ಬಂಡೆಗೆ ಸುಮಾರು 45 ಡಿಗ್ರಿ ಓರೆಯಲ್ಲಿ ಕಬ್ಬಿಣದ ಊರುಗೋಲು ಹೂತು, ಅದರ ಮೇಲೆ ಕಂಬಿ ಇಟ್ಟು, ಮೇಲೆ ಕಾಂಕ್ರೀಟ್ ಹಾಕಿದ್ರು, ಅಗಲ ಒಂದೇ ಮೀಟರ್, ಕೆಳಗೆ ನೂರು ಮೀಟರ್ ಆಳದಲ್ಲಿ ಹೊಳೆ. 1921ರಲ್ಲಿ ರಾಜ ಹದಿಮೂರನೇ ಅಲ್ಫೋನ್ಸೋ ಅಣೆಕಟ್ಟು ಉದ್ಘಾಟನೆಗೆ ಬಂದಾಗ ಈ ದಾರೀಲಿ ನಡೆದ, ಅವತ್ತಿಂದ ಆ ಹೆಸರು.

ಆಮೇಲೆ ಆಗಿದ್ದು ನಮಗೂ ಚೆನ್ನಾಗಿ ಪರಿಚಯ ಇರೋ ಕಥೆ. ದಾರಿಯ ಉಪಯೋಗ ಮುಗೀತು, ನೋಡ್ಕೊಳ್ಳೋರು ಇಲ್ಲ, ಕಾಂಕ್ರೀಟ್ ಉದುರಿ ಎಷ್ಟೋ ಕಡೆ ಬರೀ ಕಬ್ಬಿಣದ ಕಂಬಿ ಉಳೀತು, ಸಾಹಸಕ್ಕೆ ಅಂತ ಬರೋರು ಒಂದು ತಂತಿಗೆ ಕೊಕ್ಕೆ ಸಿಕ್ಕಿಸ್ಕೊಂಡು ಆ ಕಂಬಿ ಮೇಲೆ ಕಾಲಿಟ್ಟು ದಾಟ್ತಿದ್ರು. 1999, 2000ದಲ್ಲಿ ಸಾವುಗಳಾದ ಮೇಲೆ ಎರಡೂ ತುದಿಯ ದಾರಿ ಒಡೆದು ಹಾಕಿ ಮುಚ್ಚಿದ್ರು, ಆದ್ರೂ ಕದ್ದು ಹೋಗೋರು ನಿಲ್ಲಲಿಲ್ಲ. ಕೊನೆಗೆ ಮಾಲಗಾ ಪ್ರಾಂತ್ಯದ ಆಡಳಿತ ಕೈ ಹಾಕಿ, ಲೂಯಿಸ್ ಮಚೂಕಾ ಅನ್ನೋ ವಾಸ್ತುಶಿಲ್ಪಿಯ ಯೋಜನೆಯಲ್ಲಿ, 2014ರಲ್ಲಿ ಕೆಲಸ ಶುರು ಮಾಡಿ 2015ರ ಮಾರ್ಚ್ ಕೊನೆಗೆ ತೆರೆದ್ರು.

ಇಲ್ಲಿ ನನಗೆ ತುಂಬಾ ಇಷ್ಟ ಆಗಿದ್ದು ಒಂದು ನಿರ್ಧಾರ. ಹಳೇ ದಾರಿಯನ್ನ ರಿಪೇರಿ ಮಾಡೋಕೆ ಹೋಗ್ಲಿಲ್ಲ, ಅದರ ಮೇಲ್ಗಡೆ ಹೊಸ ದಾರಿಯನ್ನ ಹೊಸ ಆ್ಯಂಕರ್ ಮೇಲೆ ನಿಲ್ಲಿಸಿದ್ರು, ಹಳೇದು ಕೆಳಗೆ ಹಾಗೇ ಇದೆ, ಹೋದೋರಿಗೆಲ್ಲ ಕಾಣುತ್ತೆ. ಇದು ಬರೀ ನೆನಪಿಗಾಗಿ ಇಟ್ಟಿದ್ದು ಅಂತ ಅಂದ್ಕೋಬೇಡಿ, ನೂರು ವರ್ಷದ ಹಳೇ ಕಬ್ಬಿಣ ಬಂಡೆ ಒಳಗೆ ಎಷ್ಟು ತುಕ್ಕು ಹಿಡಿದಿದೆ ಅಂತ ಹೊರಗಿಂದ ನೋಡಿ ಹೇಳೋಕಾಗಲ್ಲ, ಹಾಗಾಗಿ ಅದನ್ನ ನಂಬಿ ಲೆಕ್ಕ ಹಾಕೋದಕ್ಕಿಂತ ಹೊಸ ತೂತು ಕೊರೆಯೋದೇ ಕ್ಷೇಮ. ಹೊಸ ದಾರಿ ಲೋಹದ ಚೌಕಟ್ಟು, ಮೇಲೆ ಮರದ ಹಲಗೆ. ಒಂದು ಹಲಗೆ ಹಾಳಾದ್ರೆ ಅದೊಂದನ್ನೇ ಬಿಚ್ಚಿ ಬದಲಾಯಿಸ್ಬಹುದು, ಹಲಗೆ ಮಧ್ಯೆ ಸಂದಿ ಇರೋದ್ರಿಂದ ನೀರು ನಿಲ್ಲಲ್ಲ, ಸಣ್ಣ ಕಲ್ಲು ಬಿದ್ರೆ ಒಂದು ಹಲಗೆ ಮುರಿಯುತ್ತೆ ಅಷ್ಟೇ. ಕಾಂಕ್ರೀಟ್ ಸ್ಲ್ಯಾಬ್‌ಗೆ ಈ ಅನುಕೂಲ ಯಾವುದೂ ಇಲ್ಲ.

ಕಟ್ಟಿದ್ದು ಹೇಗೆ ಅನ್ನೋದೂ ನೋಡ್ಬೇಕು. ಅಲ್ಲಿ ಕ್ರೇನ್ ನಿಲ್ಲಲ್ಲ, ಸಾರುವೆ ಕಟ್ಟೋಕೆ ನೆಲ ಇಲ್ಲ. ಹಗ್ಗದಲ್ಲಿ ನೇತಾಡ್ಕೊಂಡು ಕೆಲಸ ಮಾಡೋ ಪರಿಣತರು, ಬಂಡೆ ಹತ್ತೋದ್ರಲ್ಲಿ ಪಳಗಿದೋರು, ಅವರೇ ಡ್ರಿಲ್ ಹಿಡೀಬೇಕು. ಸಾಮಾನು ಹೆಲಿಕಾಪ್ಟರಲ್ಲಿ ಬರ್ಬೇಕು. ತೂತು ಕೊರೆದ ಮೇಲೆ ಒಳಗಿನ ಧೂಳನ್ನ ಗಾಳಿ ಊದಿ ಬ್ರಷ್ ಹಾಕಿ ತೆಗೀಬೇಕು, ಇದು ಕೇಳೋಕೆ ಸಣ್ಣ ವಿಷಯ ಆದ್ರೆ ಧೂಳು ಉಳಿದ್ರೆ ಸರಳು ಕೂರಿಸೋಕೆ ತೂತಿಗೆ ತುಂಬೋ ಅಂಟು ಬಂಡೆಗೆ ಹಿಡಿಯಲ್ಲ ಧೂಳಿಗೆ ಹಿಡಿಯುತ್ತೆ, ಆ ಆ್ಯಂಕರ್ ನೋಡೋಕೆ ಪಕ್ಕದ್ದರ ಥರಾನೇ ಇರುತ್ತೆ, ಎಳೆದಾಗ ಮಾತ್ರ ಗೊತ್ತಾಗೋದು. ಅದಕ್ಕೇ ಜಾಕ್ ಹಾಕಿ ಎಳೆದು ನೋಡೋ ಪರೀಕ್ಷೆ ಮಾಡೋದು, ಯಾವ ಸರಳು ಎಷ್ಟು ಎಳೆತಕ್ಕೆ ನಿಂತಿತು ಅಂತ ಬರೆದಿಡೋದು. ಆ ಪುಸ್ತಕ ಇಲ್ದೆ ಇದ್ರೆ ಹತ್ತು ವರ್ಷ ಆದ ಮೇಲೆ ಬರೋ ಇಂಜಿನಿಯರ್‌ಗೆ ಹೋಲಿಸೋಕೆ ಏನೂ ಇರಲ್ಲ.

ಶಿವಗಂಗೆ ಬೆಟ್ಟ ಹತ್ತಿರೋರಿಗೆ ಗೊತ್ತು, ಕಡಿದಾದ ಕಡೆ ಬಂಡೆಗೆ ಹೂತ ಕಬ್ಬಿಣದ ಕಂಬಿ ಹಿಡ್ಕೊಂಡೇ ಮೇಲೆ ಹೋಗ್ಬೇಕು. ಇಂಥ ಕಂಬಿ ಎಲ್ಲೇ ಸಿಕ್ಲಿ, ಕೈ ಹಿಡಿಯೋ ಜಾಗಕ್ಕಿಂತ ಬುಡವನ್ನ ನೋಡಿ. ಬುಡದ ಸುತ್ತ ಸಣ್ಣ ಗುಳಿಯಲ್ಲಿ ನೀರು ನಿಲ್ಲುತ್ತೆ, ತುಕ್ಕು ಅಲ್ಲಿಂದಾನೇ ಶುರು. ತುಕ್ಕು ಅಂದ್ರೆ ಕಬ್ಬಿಣ ಸವೆಯೋದು ಮಾತ್ರ ಅಲ್ಲ, ತುಕ್ಕು ಮೂಲ ಕಬ್ಬಿಣಕ್ಕಿಂತ ಎಷ್ಟೋ ಪಟ್ಟು ಜಾಗ ತಗೊಳ್ಳುತ್ತೆ, ಒಳಗಿಂದ ಊದ್ಕೊಂಡು ಸುತ್ತಲಿನ ಕಲ್ಲನ್ನೇ ಸೀಳುತ್ತೆ. ಕಲ್ಲು ಒಡೆಯೋರು ಬೆಣೆ ಹೊಡೆದು ಸೀಳ್ತಾರಲ್ಲ, ಅದನ್ನೇ ತುಕ್ಕು ನಿಧಾನಕ್ಕೆ ಮಾಡುತ್ತೆ. ಸಮುದ್ರದ ಪಕ್ಕ ಆದ್ರೆ ಉಪ್ಪು ಸೇರಿ ಇನ್ನೂ ಬೇಗ.

ಈಗ ಮೇಲ್ಗಡೆ ಬಂಡೆಗೆ ಬರೋಣ.

ಬಂಡೆ ಅಂದ್ರೆ ಒಂದೇ ಅಖಂಡ ಕಲ್ಲು ಅಂತ ನಾವು ಅಂದ್ಕೊಂಡಿರ್ತೀವಿ. ಹತ್ರ ಹೋಗಿ ನೋಡಿದ್ರೆ ಅದರ ತುಂಬಾ ಸೀಳುಗಳು, ಒಂದಷ್ಟು ಹೀಗೆ, ಒಂದಷ್ಟು ಹಾಗೆ, ಒಂದಷ್ಟು ಹೊರಮೈಗೆ ಸಮಾನಾಂತರವಾಗಿ ಈರುಳ್ಳಿ ಸಿಪ್ಪೆ ಥರ. ಮೂರು ದಿಕ್ಕಿನ ಸೀಳು ಒಂದು ಕಡೆ ಸೇರಿದ್ರೆ ಮಧ್ಯದ ತುಂಡು ಬಿಡಿಯಾಗುತ್ತೆ, ಆ ತುಂಡಿನ ಕೆಳಮೈ ಹೊರಗಡೆಗೆ ಇಳಿಜಾರಿದ್ರೆ ಅದು ಬರೀ ಘರ್ಷಣೆಯಿಂದ ನಿಂತಿದೆ ಅಂತ ಅರ್ಥ. ಮಳೆ ನೀರು ಹಿಂದಿನ ಸೀಳಲ್ಲಿ ತುಂಬ್ಕೊಂಡು ಹೊರಗೆ ತಳ್ಳುತ್ತೆ, ಚಳಿ ದೇಶದಲ್ಲಿ ಆ ನೀರು ಹೆಪ್ಪುಗಟ್ಟಿ ಶೇಕಡಾ 9ರಷ್ಟು ಹಿಗ್ಗುತ್ತೆ, ನಮ್ಮ ಕಡೆ ಆ ಕೆಲಸವನ್ನ ಅರಳಿ, ಗೋಣಿ ಗಿಡದ ಬೇರು ಮಾಡುತ್ತೆ. ವರ್ಷಕ್ಕೆ ಕೂದಲೆಳೆಯಷ್ಟು ಸರಿದು ಸರಿದು ಒಂದು ದಿನ ಬೀಳುತ್ತೆ. ಆ ದಿನ ಮಳೆ ಇರ್ಬೇಕು ಅಂತಾನೂ ಏನಿಲ್ಲ.

ಬಿದ್ರೆ ಏನಾಗುತ್ತೆ? 100 ಕೆಜಿ ಕಲ್ಲು, ಅಂದ್ರೆ ಎರಡು ಸಿಮೆಂಟ್ ಮೂಟೆ ತೂಕ, 50 ಮೀಟರ್ ಮೇಲಿಂದ ನೇರ ಬಿದ್ರೆ ಕೆಳಗೆ ಬರೋ ಹೊತ್ತಿಗೆ ಗಂಟೆಗೆ ಸುಮಾರು 110 ಕಿಲೋಮೀಟರ್ ವೇಗ, ಶಕ್ತಿ ಸುಮಾರು 49 ಕಿಲೋಜೌಲ್. ಪ್ರವಾಸಿಗರಿಗೆ ಕೊಡೋ ಹೆಲ್ಮೆಟ್ ಇದಕ್ಕಲ್ಲ, ಅದು ಮೇಲೆ ಮೇಕೆ ಓಡಾಡಿದಾಗ ಉರುಳೋ ಬೆಣಚುಕಲ್ಲಿಗೆ, ತಲೆ ಬಂಡೆಗೆ ತಾಗೋದಕ್ಕೆ. ದೊಡ್ಡ ಕಲ್ಲಿಂದ ಉಳಿಸೋದು ಏನಿದ್ರೂ ಜನ ಬರೋ ಮುಂಚೆ ಮಾಡಿದ ಕೆಲಸ.

ಆ ಕೆಲಸ ಏನೇನು ಅಂದ್ರೆ, ಮೊದಲನೇದಾಗಿ ಹಗ್ಗದಲ್ಲಿ ಇಳಿದು ಬಂಡೆಯ ಒಂದೊಂದು ಚದರ ಮೀಟರನ್ನೂ ಸುತ್ತಿಗೆಯಲ್ಲಿ ಬಡಿದು ನೋಡೋದು, ಟೊಳ್ಳು ಸದ್ದು ಬಂದ್ರೆ ಹಾರೆ ಹಾಕಿ ಬೀಳಿಸಿಬಿಡೋದು, ಇದಕ್ಕೆ ಸ್ಕೇಲಿಂಗ್ ಅಂತಾರೆ. ಬೀಳಿಸೋಕಾಗದಷ್ಟು ದೊಡ್ಡದನ್ನ ಉದ್ದನೆ ರಾಕ್ ಬೋಲ್ಟ್ ಹಾಕಿ ಹಿಂದಿನ ಗಟ್ಟಿ ಬಂಡೆಗೆ ಹೊಲಿಯೋದು. ನೀರು ಹೊರಗೆ ಬರ್ಲಿ ಅಂತ ತೂತು ಕೊರೆಯೋದು. ಸಣ್ಣಪುಟ್ಟದು ಉದುರೋ ಕಡೆ ಉಕ್ಕಿನ ಬಲೆ ಹೊದಿಸೋದು, ದೊಡ್ಡದು ಬರೋ ಕಡೆ ಕಿಲೋಜೌಲ್ ಲೆಕ್ಕದಲ್ಲಿ ಡಿಸೈನ್ ಮಾಡಿದ, ಹಿಗ್ಗಿ ಹಿಡ್ಕೊಳ್ಳೋ ಬಲೆ. ಅನುಮಾನ ಇರೋ ಸೀಳುಗಳಿಗೆ ಅಳತೆ ಮಾಪಕ. ಲೇಸರ್ ಸ್ಕ್ಯಾನ್ ಮಾಡಿ ಇಟ್ಕೊಂಡು ಮುಂದಿನ ವರ್ಷದ ಸ್ಕ್ಯಾನ್ ಜೊತೆ ಹೋಲಿಸೋದು. ಇದ್ಯಾವುದೂ ಒಂದು ಸಲ ಮಾಡಿ ಬಿಡೋ ಕೆಲಸ ಅಲ್ಲ, ಬಲೆಯಲ್ಲಿ ಕಲ್ಲು ತುಂಬಿದ್ರೆ ಖಾಲಿ ಮಾಡ್ಬೇಕು, ಈ ವರ್ಷ ಗಟ್ಟಿ ಸದ್ದು ಬಂದ ಜಾಗದಲ್ಲಿ ಐದು ವರ್ಷ ಬಿಟ್ಟು ಟೊಳ್ಳು ಸದ್ದು ಬರ್ಬಹುದು. ಇಟಲಿಯಲ್ಲಿ ಆ ದುಡ್ಡಿನ ದೊಡ್ಡ ಪಾಲು ನುಂಗಿದ್ದು ಇಂಥ ಕೆಲಸಗಳೇ.

ಉತ್ತರ ಐರ್ಲೆಂಡಿನ ಗಾಬಿನ್ಸ್ ಕಥೆ ಕೇಳಿದ್ರೆ ಇದು ಇನ್ನೂ ಸ್ಪಷ್ಟ ಆಗುತ್ತೆ. ಆ್ಯಂಟ್ರಿಮ್ ಕೌಂಟಿಯ ಐಲೆಂಡ್‌ಮಗೀ ತೀರದಲ್ಲಿ ಕಪ್ಪು ಬಸಾಲ್ಟ್ ಬಂಡೆ, ಕೆಳಗೆ ಸಮುದ್ರ. ಬರ್ಕ್ಲಿ ಡೀನ್ ವೈಸ್ ಅನ್ನೋ ರೈಲ್ವೆ ಇಂಜಿನಿಯರ್ 1902ರಲ್ಲಿ ಅಲ್ಲಿ ಸೇತುವೆ, ಮೆಟ್ಟಿಲು, ಸುರಂಗ ಎಲ್ಲ ಸೇರಿಸಿ ದಾರಿ ಮಾಡಿದ, ಜನ ರೈಲಲ್ಲಿ ಬರ್ಲಿ ಅಂತ. ದುಡ್ಡಿಲ್ಲದೆ ನಿರ್ವಹಣೆ ನಿಂತು 1950ರ ದಶಕದಲ್ಲಿ ಮುಚ್ಚಿಹೋಯ್ತು. 75 ಲಕ್ಷ ಪೌಂಡ್ ಖರ್ಚು ಮಾಡಿ 2015ರ ಆಗಸ್ಟಲ್ಲಿ ಮತ್ತೆ ತೆರೆದ್ರು, ಹೊಸ ಸೇತುವೆಗಳು ನೋಡೋಕೆ ತುಂಬಾ ಚೆಂದ. ಐದೇ ತಿಂಗಳಲ್ಲಿ, 2016ರ ಜನವರಿಯಲ್ಲಿ, ಬಿರುಗಾಳಿ ಮಳೆಗೆ ಕಲ್ಲು ಜಾರಿ ಮುಚ್ಚಬೇಕಾಯ್ತು, ತೆರೆದಿದ್ದು 2017ರ ಜೂನಲ್ಲಿ. ಸೇತುವೆಗಳಿಗೆ ಅಂಥದ್ದೇನೂ ಆಗಿರ್ಲಿಲ್ಲ. ಅವು ಖಾಲಿ ನಿಂತು ಕಾಯ್ತಿದ್ವು.

ಗಾಜಿನ ದಾರಿಗಳ ಬಗ್ಗೆ ಜಾಸ್ತಿ ಹೇಳಲ್ಲ, ಯಾಕಂದ್ರೆ ಗಾಜು ಅನ್ನೋದು ಇಲ್ಲಿ ಅಲಂಕಾರ. ಚೀನಾದಲ್ಲಿ ಬಂಡೆಗೆ ಚೌಕ ತೂತು ಕೊರೆದು ಮರದ ತೊಲೆ ತೂರಿಸಿ ಮೇಲೆ ಹಲಗೆ ಹಾಕೋ ದಾರಿಗಳು ಎರಡು ಸಾವಿರ ವರ್ಷಕ್ಕಿಂತ ಹಳೇವು, ಚಿನ್‌ಲಿಂಗ್ ಪರ್ವತ ದಾಟೋಕೆ ಸೈನ್ಯ, ಧಾನ್ಯ ಎಲ್ಲ ಅದರ ಮೇಲೇ ಹೋಗ್ತಿದ್ದಿದ್ದು, ಈಗಿನ ಗಾಜಿನ ದಾರಿಯೂ ಮೂಲದಲ್ಲಿ ಅದೇ ತೂತು ಅದೇ ತೊಲೆ. ಹೆನಾನ್ ಪ್ರಾಂತ್ಯದ ಯುನ್‌ತಾಯ್ ಬೆಟ್ಟದಲ್ಲಿ 2015ರಲ್ಲಿ ತೆರೆದ ಗಾಜಿನ ದಾರಿ ಎರಡೇ ವಾರಕ್ಕೆ, ಯಾರದ್ದೋ ಕೈಯಿಂದ ಸ್ಟೀಲ್ ಲೋಟ ಬಿದ್ದು, ಬಿರುಕು ಬಿಟ್ಟು ಜನ ಕಿರುಚ್ಕೊಂಡು ಓಡಿದ್ರು. ಹಲವು ಪದರದ ಗಾಜಲ್ಲಿ ಬಿರುಕು ಬಿಟ್ಟಿದ್ದು ಮೇಲಿನ ಪದರ ಮಾತ್ರ, ಹಾಗಾಗಿ ಯಾರೂ ಬೀಳಲಿಲ್ಲ. ಆದ್ರೆ 2021ರ ಮೇನಲ್ಲಿ ಜಿಲಿನ್ ಪ್ರಾಂತ್ಯದ ಲಾಂಗ್‌ಜಿಂಗ್ ಹತ್ರ ಬಿರುಗಾಳಿಗೆ ಗಾಜಿನ ಸೇತುವೆಯ ಹಲಗೆಗಳೇ ಹಾರಿಹೋಗಿ ಒಬ್ಬ ಮನುಷ್ಯ ಕಂಬಿ ತಬ್ಕೊಂಡು ಮಧ್ಯದಲ್ಲಿ ನಿಂತ ಫೋಟೋ ಎಲ್ರೂ ನೋಡಿದೀವಿ. ಅಷ್ಟು ಗಾಳಿ ಬೀಸುವಾಗ ಆ ಮನುಷ್ಯ ಸೇತುವೆ ಮೇಲೆ ಇದ್ದಿದ್ದೇ ತಪ್ಪು, ಅಂದ್ರೆ ಬಿಟ್ಟಿದ್ದು ತಪ್ಪು.

ಕಮಿನಿತೊದಲ್ಲಿ ಇದನ್ನ ಶಿಸ್ತಾಗಿ ಮಾಡ್ತಾರೆ. ಮೊದಲೇ ಟಿಕೆಟ್, ಗಂಟೆಗೆ ಇಷ್ಟೇ ಜನ, ಒಂದೇ ದಿಕ್ಕು, ಉತ್ತರದಿಂದ ದಕ್ಷಿಣಕ್ಕೆ, ಹೆಲ್ಮೆಟ್ ಕಡ್ಡಾಯ, ಗಾಳಿ ಮಳೆ ಜಾಸ್ತಿ ಇದ್ರೆ ಅವತ್ತು ಬಂದ್. ಒಂದೇ ದಿಕ್ಕು ಯಾಕೆ ಅಂದ್ರೆ ಕಿರಿದಾದ ದಾರೀಲಿ ಎದುರುಬದುರು ಬಂದಾಗ ಒಬ್ಬರು ಕಂಬಿಗೆ ಒರಗ್ಲೇಬೇಕು, ಮತ್ತೆ ಯಾರಿಗಾದ್ರೂ ಎದೆ ನೋವು ಬಂದ್ರೆ ಸ್ಟ್ರೆಚರ್ ಹೋಗೋಕೆ ಜಾಗ ಬೇಕು. ಮೂರು ಗಂಟೆ ಬಸ್ಸಲ್ಲಿ ಬಂದ ಕುಟುಂಬಕ್ಕೆ ಇವತ್ತು ಗಾಳಿ, ವಾಪಸ್ ಹೋಗಿ ಅಂತ ಹೇಳೋ ಧೈರ್ಯ ಇರೋ ಸಿಬ್ಬಂದಿ ಬೇಕು, ಆ ಸಿಬ್ಬಂದಿಗೆ ಮೇಲಿನೋರ ಬೆಂಬಲ ಬೇಕು. ನಮ್ಮಲ್ಲಿ ಗೇಟ್ ಹತ್ರ ಯಾರೋ ಒಬ್ಬರು ದೊಡ್ಡೋರ ಹೆಸರು ಹೇಳಿದ್ರೆ ಗೇಟ್ ತೆಗೆಯುತ್ತೆ, ಇದು ನನ್ನನ್ನ ನಿಜವಾಗ್ಲೂ ಹೆದರಿಸುತ್ತೆ.

ಹಾಗಂತ ನಮಗೆ ಕೈಲಾಗಲ್ಲ ಅಂತ ಹೇಳ್ತಿಲ್ಲ. ಉತ್ತರಾಖಂಡದ ಗರ್ತಾಂಗ್ ಗಲಿ ನೋಡಿ. ಉತ್ತರಕಾಶಿ ಜಿಲ್ಲೆಯ ನೆಲಾಂಗ್ ಕಣಿವೇಲಿ ಸುಮಾರು 11,000 ಅಡಿ ಎತ್ತರದಲ್ಲಿ ಕಡಿದಾದ ಬಂಡೆಗೆ ಅಂಟ್ಕೊಂಡಿರೋ ಮರದ ದಾರಿ, 136 ಮೀಟರ್ ಉದ್ದ, 1.8 ಮೀಟರ್ ಅಗಲ, ಪೇಶಾವರದ ಪಠಾಣರು ಸುಮಾರು 150 ವರ್ಷದ ಹಿಂದೆ ಟಿಬೆಟ್ ವ್ಯಾಪಾರಕ್ಕೆ ಅಂತ ಕಟ್ಟಿದ್ದು ಅಂತಾರೆ. 1962ರ ಯುದ್ಧ ಆದ ಮೇಲೆ ಜನಸಾಮಾನ್ಯರಿಗೆ ಮುಚ್ಚಿತ್ತು, ಸುಮಾರು 64 ಲಕ್ಷ ರೂಪಾಯಿಯಲ್ಲಿ ಸರಿ ಮಾಡಿ 2021ರ ಆಗಸ್ಟಲ್ಲಿ ತೆರೆದ್ರು, ಒಂದು ಸಲಕ್ಕೆ ಹತ್ತು ಜನ ಅಂತ ಮಿತಿ ಇಟ್ರು. ಮರ, ಕಡಿಮೆ ಜನ, ಇರೋ ದಾರಿಯನ್ನೇ ಉಳಿಸೋದು, ನನಗೆ ಇದು ಸರಿಯಾದ ಅಳತೆ ಅನ್ಸುತ್ತೆ. ತೆರೆದ ಕೆಲವೇ ವಾರದಲ್ಲಿ ಮರದ ಮೇಲೆ ಹೆಸರು ಗೀಚಿ ಹೋದೋರೂ ಇದಾರೆ, ಅದು ಬೇರೆ ಸಂಕಟ.

ಕರ್ನಾಟಕಕ್ಕೆ ಬಂದ್ರೆ ನಮ್ಮಲ್ಲಿ ಎರಡು ಥರದ ಬೆಟ್ಟ ಇದೆ, ಎರಡಕ್ಕೂ ಒಂದೇ ಮಾತು ಹೇಳೋಕಾಗಲ್ಲ. ರಾಮನಗರ, ಸಾವನದುರ್ಗ, ಮಧುಗಿರಿ ಕಡೆ ಗ್ರಾನೈಟು ಮತ್ತೆ ಅದರ ನೆಂಟ ಕಲ್ಲು, ಆ್ಯಂಕರ್ ಹಿಡಿಯೋಕೆ ಇದಕ್ಕಿಂತ ಒಳ್ಳೇದು ಸಿಗೋದು ಕಷ್ಟ, ಸಿಪ್ಪೆ ಏಳೋ ಹೊರಪದರ ದಾಟಿ ಒಳಗೆ ಹೋಗ್ಬೇಕು ಅಷ್ಟೇ. ಆದ್ರೆ ರಾಮನಗರದ ರಾಮದೇವರ ಬೆಟ್ಟದ ಬಂಡೆ ಸಂದಿಗಳಲ್ಲಿ ಉದ್ದ ಕೊಕ್ಕಿನ ರಣಹದ್ದು ಗೂಡು ಕಟ್ಟುತ್ತೆ, 2012ರಲ್ಲಿ ಅದನ್ನ ರಣಹದ್ದು ಧಾಮ ಅಂತ ಘೋಷಣೆ ಮಾಡಿದ್ದು ಅದಕ್ಕೇ. ಡ್ರಿಲ್ ಸದ್ದು, ಸ್ಪೀಕರ್ ಸದ್ದು ಬಂದ ಕಡೆ ಅವು ಉಳಿಯಲ್ಲ. ಬಂಡೆ ತಾಳುತ್ತೆ ಅಂದ ಮಾತ್ರಕ್ಕೆ ಅಲ್ಲಿ ದಾರಿ ಬೇಕು ಅಂತ ಆಗಲ್ಲ.

ಇನ್ನು ಕೊಡಗು, ಚಿಕ್ಕಮಗಳೂರು, ಉತ್ತರ ಕನ್ನಡದ ಘಟ್ಟ. ಇಲ್ಲಿ ಕಲ್ಲು ಕಾಣೋದೇ ಕಡಿಮೆ, ಮೇಲೆ ಹತ್ತಾರು ಅಡಿ ಕೆಮ್ಮಣ್ಣು, ಲ್ಯಾಟರೈಟ್, ಕೊಳೆತ ಕಲ್ಲು, ಕೈಯಲ್ಲಿ ಹಿಸುಕಿದ್ರೆ ಪುಡಿಯಾಗೋದು. ಇದರಲ್ಲಿ ಹೂತ ಸರಳು ಬೇಸಿಗೆಯಲ್ಲಿ ಒಂದು ಬಲ ತೋರಿಸುತ್ತೆ, ಜುಲೈಯಲ್ಲಿ ನೀರು ಕುಡಿದ ಮೇಲೆ ಬೇರೇನೇ. ಆಗುಂಬೆ ಸುತ್ತ ವರ್ಷಕ್ಕೆ 7000 ಮಿಲಿಮೀಟರ್ ಆಸುಪಾಸು ಮಳೆ, ಎಲ್ ಚೊರ್ರೋದಲ್ಲಿ ಅದರ ಹತ್ತಿರಕ್ಕೂ ಬರಲ್ಲ, ಅಲ್ಲಿನ ಡಿಸೈನ್ ತಂದು ಇಲ್ಲಿ ಅಂಟಿಸೋಕಾಗಲ್ಲ. 2018ರಲ್ಲಿ ಕೊಡಗು ಹೇಗೆ ಜಾರಿತು ನೋಡಿದೀವಿ. 2024ರ ಜುಲೈ 16ಕ್ಕೆ ಅಂಕೋಲಾ ತಾಲ್ಲೂಕಿನ ಶಿರೂರಲ್ಲಿ ಹೆದ್ದಾರಿ ಪಕ್ಕದ ಗುಡ್ಡ ಕುಸಿದು ಗಂಗಾವಳಿ ನದಿಗೆ ಬಿತ್ತು, ಚಹಾ ಕುಡಿಯೋಕೆ ನಿಂತೋರು, ಲಾರಿ, ಎಲ್ಲ ಹೋಯ್ತು. ಅಲ್ಲಿ ರಸ್ತೆ ಗಟ್ಟಿಯಾಗೇ ಇತ್ತು. ಪಕ್ಕದ ಕೇರಳದ ವಾಗಮೋಣ್‌ನಲ್ಲಿ 2023ರಲ್ಲಿ 40 ಮೀಟರ್ ಹೊರಚಾಚಿದ ಗಾಜಿನ ಸೇತುವೆ ಆಯ್ತು, ಅಂಥದ್ದೇ ನಮಗೂ ಬೇಕು ಅನ್ನೋ ಆಸೆ ಹುಟ್ಟೋದು ಸಹಜ, ಆದ್ರೆ ಆಸೆಗಿಂತ ಮುಂಚೆ ಒಂದು ಮಳೆಗಾಲ ಪೂರ್ತಿ ಆ ಗುಡ್ಡದ ಒಳಗಿನ ನೀರಿನ ಮಟ್ಟ ಅಳೀಬೇಕು. ಒಂದು ಮಳೆಗಾಲ ಅಂದ್ರೆ ಯೋಜನೆ ಒಂದು ವರ್ಷ ತಡ, ಆಗ್ಲಿ.

ನಿಮ್ಮ ಊರ ಹತ್ರ ಇಂಥದ್ದೊಂದು ಬರುತ್ತೆ ಅಂತ ಸುದ್ದಿ ಬಂದ್ರೆ ಟೆಂಡರ್ ಕಾಗದ ತೆಗೆಸಿ ನೋಡಿ, ಮಾಹಿತಿ ಹಕ್ಕಲ್ಲಿ ಕೇಳಿದ್ರೆ ಕೊಡ್ಬೇಕು. ಗಾಜಿನ ದಪ್ಪ, ಲೈಟಿಂಗ್, ಸೆಲ್ಫಿ ಪಾಯಿಂಟ್ ಎಲ್ಲ ಇರುತ್ತೆ, ಅದನ್ನ ಬಿಟ್ಟು ಬೇರೆ ಮೂರು ಸಾಲು ಹುಡುಕಿ. ದಾರಿಯ ಮೇಲ್ಗಡೆ ಬಂಡೆಯ ಸರ್ವೆಗೆ ದುಡ್ಡು ಇಟ್ಟಿದಾರಾ, ಆ್ಯಂಕರ್ ಎಳೆದು ನೋಡೋ ಪರೀಕ್ಷೆ ಎಷ್ಟು ವರ್ಷಕ್ಕೊಮ್ಮೆ ಅಂತ ಬರೆದಿದಾರಾ, ಮುಚ್ಚೋ ಅಧಿಕಾರ ಯಾರ ಕೈಲಿ ಅಂತ ಹುದ್ದೆ ಹೆಸರು ಹಾಕಿದಾರಾ. ಮೊದಲನೇ ಸಾಲಿನ ಮುಂದೆ ಮೊತ್ತ ಇಲ್ದೆ ಬರೀ ಗೆರೆ ಎಳೆದಿದ್ರೆ ಆಕ್ಷೇಪಣೆ ಅರ್ಜಿಯನ್ನ ಅಲ್ಲಿಂದಾನೇ ಶುರು ಮಾಡಿ.